‘ಎಲ್ಲಾ ಬರುತ್ತೆ’ ಎಂಬ ನಂಬಿಕೆ

ಮೊನ್ನೆ ಪರಿಚಿತರೊಬ್ಬರು ಎಸ್ಸೆಸ್ಸೆಲ್ಸಿ ಓದುವ ಮಗನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ನಮ್ಮ ಮನೆಗೆ ಬಂದಿದ್ದರು. ಪೂರ್ವಸಿದ್ಧತಾ ಪರೀಕ್ಷೆಯ ವಿಜ್ಞಾನದಲ್ಲಿ ಹುಡುಗನಿಗೆ 80ಕ್ಕೆ 31 ಅಂಕ. ‘ಐದು ಸಲ ಓದಿದ್ದೆ ಅಂಕಲ್, ಎಲ್ಲಾ ಬರ್ತಿತ್ತು’ ಎನ್ನುವಾಗ ಅವನ ಕಣ್ಣು ತುಂಬಿತ್ತು. ‘ಬರೀ ಸುಳ್ಳು ಸಾರ್. ಓದಿದ್ದರೆ ಬರೀತಿರಲಿಲ್ವೇ?’ ಎಂದು ತಂದೆ ಗದರಿದರು.

ಹುಡುಗ ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಅನ್ನಿಸಲಿಲ್ಲ. ತನಗೆ ಬರುತ್ತದೆ ಎಂದು ಅವನು ಪ್ರಾಮಾಣಿಕವಾಗಿಯೇ ನಂಬಿದ್ದ. ಈ ನಂಬಿಕೆ ಅವನೊಬ್ಬನದಲ್ಲ, ನಮ್ಮೆಲ್ಲರದು.

1981ರಲ್ಲಿ ಸ್ವೀಡನ್ನಿನ ಮನೋವಿಜ್ಞಾನಿ ಓಲಾ ಸ್ವೆನ್ಸನ್ ಎರಡು ದೇಶಗಳ ವಿದ್ಯಾರ್ಥಿಗಳನ್ನು ಕೇಳಿದರು: ‘ಈ ಗುಂಪಿನ ಇತರರಿಗೆ ಹೋಲಿಸಿದರೆ ನೀವು ಎಷ್ಟು ಚೆನ್ನಾಗಿ ವಾಹನ ಓಡಿಸುತ್ತೀರಿ?’ ಅಮೆರಿಕದ ಗುಂಪಿನಲ್ಲಿ ಶೇ. 93 ಮಂದಿ, ಸ್ವೀಡನ್ನಿನಲ್ಲಿ ಶೇ. 69 ಮಂದಿ ತಮ್ಮನ್ನು ಮೇಲಿನ ಅರ್ಧದಲ್ಲಿ ಸೇರಿಸಿಕೊಂಡರು! ಸಾಲಾಗಿ ನಿಲ್ಲಿಸಿದರೆ ಮೇಲಿನ ಅರ್ಧದಲ್ಲಿ ಶೇ. 50 ಮಂದಿಗೆ ಮಾತ್ರ ಜಾಗ. ಉಳಿದವರು ಎಲ್ಲಿ ನಿಲ್ಲಬೇಕು?

ಇದು ಬರೀ ಜಂಭವಲ್ಲ. ವೇಗವಾಗಿ ಓಡಿಸುವವನಿಗೆ ವೇಗವೇ ಜಾಣ್ಮೆ, ನಿಧಾನಸ್ಥನಿಗೆ ಎಚ್ಚರಿಕೆಯೇ ಜಾಣ್ಮೆ. ಅವರವರ ಅಳತೆಗೋಲಿನಲ್ಲಿ ಇಬ್ಬರೂ ಗೆದ್ದರು. ವಾಹನ ಓಡಿಸುವುದು, ಮಾತುಗಾರಿಕೆ, ಹತ್ತು ಜನರೊಡನೆ ಹೊಂದಿಕೊಳ್ಳುವುದು – ಇಂಥ ದಿನನಿತ್ಯದ ಕೆಲಸಗಳಿಗೆ ಯಾರೂ ಅಂಕ ಹಾಕುವುದಿಲ್ಲ. ಹಾಗಾಗಿ ನಮಗೆ ನಾವೇ ಉದಾರವಾಗಿ ಹಾಕಿಕೊಳ್ಳುತ್ತೇವೆ. ಕಷ್ಟದ ವಿದ್ಯೆಗಳಲ್ಲಿ ಇದು ತಿರುಗುಮುರುಗಾಗುವುದೂ ಉಂಟು. ಚದುರಂಗದ ಮಾತು ಬಂದರೆ ‘ಅಯ್ಯೋ, ನನ್ನ ಕೈಲಾಗಲ್ಲ’ ಎನ್ನುವವರೇ ಹೆಚ್ಚು.

ಓದೂ ದಿನನಿತ್ಯದ ಕೆಲಸವೇ ತಾನೆ? ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಗುಂಪು ನಾಲ್ಕು ಅವಧಿಯೂ ಪಾಠ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರು ಅವಧಿ ನೋಡದೆ ಬರೆಯಿತು. ‘ನಮಗೆ ಚೆನ್ನಾಗಿ ನೆನಪಿರುತ್ತದೆ’ ಎಂಬ ಭರವಸೆ ಹೆಚ್ಚಿದ್ದುದು ಬರೀ ಓದಿದವರಿಗೆ. ವಾರದ ನಂತರ ಪರೀಕ್ಷಿಸಿದಾಗ ಅವರಿಗೆ ನೆನಪಿದ್ದದ್ದು ಸುಮಾರು ಶೇ. 40, ಬರೆದವರಿಗೆ ಶೇ. 61!

ಮತ್ತೆ ಮತ್ತೆ ಓದಿದಾಗ ಪುಟ ಪರಿಚಿತವಾಗುತ್ತದೆ. ಆ ಪರಿಚಯವನ್ನೇ ನಾವು ‘ಬರುತ್ತೆ’ ಎಂದುಕೊಳ್ಳುತ್ತೇವೆ. ವಿದ್ಯಾರ್ಥಿಗಳೇ, ಪಾಠ ಮುಗಿದೊಡನೆ ಪುಸ್ತಕ ಮುಚ್ಚಿ, ಹಾಳೆಯ ಮೇಲೆ ನೆನಪಿದ್ದಷ್ಟನ್ನು ಬರೆಯಿರಿ. ಬಳಿಕ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಿ. ನಾಳೆ ಓದಬೇಕಾದದ್ದು ಆ ಕೆಂಪು ಸಾಲುಗಳನ್ನು. ಪಾಲಕರೇ, ‘ಎಷ್ಟು ಸಲ ಓದಿದೆ?’ ಎಂದು ಕೇಳಬೇಡಿ. ‘ನೋಡದೆ ಹೇಳು, ಕೇಳ್ತೀನಿ’ ಎನ್ನಿ. ತಪ್ಪಿದರೆ ಬೈಯಬೇಡಿ. ಮನೆಯಲ್ಲಿ ತಪ್ಪಿದ್ದು ಪರೀಕ್ಷೆಯಲ್ಲಿ ತಪ್ಪಲಾರದು.

ಇಷ್ಟನ್ನೂ ಕೇಳಿಸಿಕೊಂಡು ತಂದೆ, ಮಗ ಹೊರಟರು. ಹೆಲ್ಮೆಟ್ ಸ್ಕೂಟರಿನ ಕನ್ನಡಿಗೆ ನೇತಾಡುತ್ತಿತ್ತು. ‘ಹಾಕ್ಕೊಳ್ಳೋದಿಲ್ವೇ?’ ಎಂದೆ. ‘ಇಪ್ಪತ್ತು ವರ್ಷದಿಂದ ಓಡಿಸ್ತಿದ್ದೀನಿ ಸಾರ್, ನನಗೆ ಚೆನ್ನಾಗಿ...’ ಎಂದವರು ಮಗನ ಮುಖ ನೋಡಿ ಮಾತು ನಿಲ್ಲಿಸಿದರು.

ಹೆಲ್ಮೆಟ್ ತಲೆಗೇರಿತು.