ರೋಗಿಯ ಪಕ್ಷದ ವಕೀಲ

ಕಳೆದ ತಿಂಗಳು ನಮ್ಮ ಸಂಘದ ಜಗಲಿಯಲ್ಲಿ ಗೌರವಸ್ಥರೊಬ್ಬರು, ವೈದ್ಯರ ಮೇಲೆ ದಾವೆ ಹೂಡುವ ವಕೀಲರನ್ನು ‘ಮಸಣದ ಹದ್ದುಗಳು’ ಎಂದು ಜರೆದರು, ಕೂಡಿದವರು ತಲೆದೂಗಿದರು. ಅಂದು ನಾನು ಸುಮ್ಮನಿದ್ದೆನು. ಆ ಮೌನವು ಸರಿಯಲ್ಲವೆಂದು ಮನೆಗೆ ಬಂದ ಮೇಲೆ ತೋರಿದುದರಿಂದ ಈ ಬರಹ.

ವೈದ್ಯನು ನಾರಾಯಣಸ್ವರೂಪಿ, ಅವನನ್ನು ಪ್ರಶ್ನಿಸುವುದು ಸಂಪ್ರದಾಯವಿರುದ್ಧ ಎಂಬುದು ಅವರ ಮೊದಲನೆಯ ಆಕ್ಷೇಪ. ಸಂಪ್ರದಾಯದ ಹೆಸರೆತ್ತುವವರು ಗ್ರಂಥಗಳನ್ನು ಬಿಚ್ಚಿ ನೋಡಬೇಡವೇ? ಪ್ರಾಣಾಪಾಯವುಳ್ಳ ರೋಗವನ್ನು ತಿಳಿಸದೆ ಚಿಕಿತ್ಸೆಗೆ ತೊಡಗಿ ರೋಗಿಯು ಸತ್ತರೆ ಪೂರ್ವಸಾಹಸದಂಡವನ್ನೂ, ಚಿಕಿತ್ಸಾದೋಷದಿಂದಲೇ ಸತ್ತರೆ ಮಧ್ಯಮಸಾಹಸದಂಡವನ್ನೂ ಕೌಟಿಲ್ಯನು ವೈದ್ಯನಿಗೆ ವಿಧಿಸಿದ್ದಾನೆ. ಮಿಥ್ಯಾಚಿಕಿತ್ಸೆಗೆ ಮನು, ಯಾಜ್ಞವಲ್ಕ್ಯರೂ ದಂಡವನ್ನು ಹೇಳಿದ್ದಾರೆ. ಹಣ ಪಡೆದು ಮಾಡುವ ಚಿಕಿತ್ಸೆಯು 1986ರ ಗ್ರಾಹಕ ಸಂರಕ್ಷಣಾ ಕಾಯಿದೆಗೆ ಒಳಪಟ್ಟದ್ದೆಂದು 1995ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದುದು ಹೊಸ ಪಾಷಂಡವೇನೂ ಅಲ್ಲ.

ಎರಡನೆಯದು ದುರಾಶೆಯ ಮಾತು. ಅಮೆರಿಕಾದಲ್ಲಿ ಇಂತಹ ವಕೀಲನು ಗೆದ್ದ ಹಣದಲ್ಲಿ ಪಾಲು ಪಡೆಯುವುದುಂಟು. ನಮ್ಮ ವಕೀಲರ ಪರಿಷತ್ತಿನ ನಿಯಮವು ಅದನ್ನು ನಿಷೇಧಿಸಿದೆ. ನಿಯಮ ಮೀರುವವರಿಲ್ಲವೇ? ಇರಬಹುದು, ಅವರ ಪರವಾಗಿ ನಾನು ವಾದಿಸುತ್ತಿಲ್ಲ.

2018ರಲ್ಲಿ ನನ್ನ ತಂಗಿಯು ಶಸ್ತ್ರಚಿಕಿತ್ಸೆಯಾದ ನಾಲ್ಕನೆಯ ದಿನ ತೀರಿಕೊಂಡಳು. ಕೇಳಿದ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕೆಂದು 2002ರ ವೈದ್ಯಕೀಯ ನಿಯಮಾವಳಿಯೇ ಹೇಳುತ್ತದೆ. ನನ್ನ ಭಾವನು ಏಳು ವಾರ ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದನು. ‘ಏನೋ ಮುಚ್ಚಿಡುತ್ತಿದ್ದಾರೆ’ ಎಂಬ ಸಂಶಯವು ಅವನ ನಿದ್ರೆಯನ್ನು ತಿಂದುಹಾಕಿತು. ಕೊನೆಗೆ ನನ್ನ ಹಳೆಯ ಶಿಷ್ಯನೊಬ್ಬನಲ್ಲಿಗೆ ಹೋದೆವು. ಇಪ್ಪತ್ತು ವರ್ಷಗಳಿಂದ ಇಂತಹ ವ್ಯಾಜ್ಯಗಳಲ್ಲಿಯೇ ತೊಡಗಿದವನು. ಒಂದು ನೋಟೀಸಿಗೆ ಕಾಗದಗಳು ಬಂದವು. ಬೇರೊಬ್ಬ ಶಸ್ತ್ರವೈದ್ಯರಿಂದ ಅವನ್ನು ಓದಿಸಿ, ತಾನೂ ಓದಿ, ಭಾವನನ್ನು ಎದುರಿಗೆ ಕುಳ್ಳಿರಿಸಿಕೊಂಡು ಒಂದೊಂದು ಹಾಳೆಯನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದನು: ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶದ ನಾಳವನ್ನು ಕಟ್ಟಿತ್ತು, ಅದನ್ನು ತಡೆಯುವ ಔಷಧವನ್ನು ಹೊತ್ತುಹೊತ್ತಿಗೆ ಕೊಟ್ಟಿದ್ದರು. “ಇಲ್ಲಿ ಡಾಕ್ಟರ ತಪ್ಪಿಲ್ಲ, ಮೇಷ್ಟ್ರೇ. ದಾವೆ ಬೇಡ. ಬಂದವರಲ್ಲಿ ಹೆಚ್ಚಿನವರನ್ನು ಹೀಗೆಯೇ ಹಿಂದಕ್ಕೆ ಕಳುಹಿಸುತ್ತೇನೆ” ಎಂದನು. ಫೀಜು ಮುಟ್ಟಲಿಲ್ಲ. ಆ ರಾತ್ರಿ ಭಾವನು ಮಲಗಿದನು. ವೈದ್ಯನನ್ನು ಅಪವಾದದಿಂದ ಬಿಡಿಸಿದವನು ಈ ಹದ್ದೇ ಹೊರತು ಕಾಗದವನ್ನು ಬಚ್ಚಿಟ್ಟ ಆಸ್ಪತ್ರೆಯವರಲ್ಲ.

ದಾವೆಯ ಭಯದಿಂದ ಡಾಕ್ಟರರು ಕಠಿನ ರೋಗಿಗಳನ್ನು ಕೈಬಿಡುತ್ತಾರೆಂಬ ಮಾತಿನಲ್ಲಿ ಸತ್ಯಾಂಶವುಂಟು. ಅದಕ್ಕೆಂದೇ, ಬೇರೊಬ್ಬ ತಜ್ಞ ವೈದ್ಯನ ಅಭಿಪ್ರಾಯದ ಆಧಾರವಿಲ್ಲದೆ ವೈದ್ಯನ ಮೇಲಿನ ಖಾಸಗಿ ಕ್ರಿಮಿನಲ್ ದೂರನ್ನು ಅಂಗೀಕರಿಸಬಾರದೆಂದು ಸುಪ್ರೀಂ ಕೋರ್ಟು 2005ರಲ್ಲಿ ವಿಧಿಸಿತು. ಆದರೆ ಇಂದು ಎಳೆಯ ಡಾಕ್ಟರರ ಮೇಲೆ ಕೈಮಾಡುತ್ತಿರುವವರು ವಕೀಲರೇ? ಉತ್ತರ ಸಿಕ್ಕದ ಬಂಧುಗಳು, ಅವರ ಬೆನ್ನಿಗೆ ನಿಂತ ಗುಂಪು. ಕಲ್ಲೆತ್ತುವ ಕೈಗೆ ಅರ್ಜಿಯನ್ನು ಕೊಡುವವನನ್ನು ನಾವು ಹದ್ದೆಂದು ಕರೆಯುತ್ತಿದ್ದೇವೆ!

ಆ ಗೌರವಸ್ಥರು ಮುಂದಿನ ಸಭೆಗೂ ಬರುವರೆಂದು ಕೇಳಿದ್ದೇನೆ. ನನ್ನ ತಂಗಿಯ ಆ ಹಾಳೆಗಳನ್ನು ಅವಳ ಗಂಡನಿಗೆ ಬೇರೆ ಯಾರು ಓದಿ ಹೇಳುತ್ತಿದ್ದರೆಂಬುದನ್ನು ಅವರು ಅಂದು ತಿಳಿಸಲಿ.