ಗುಳೆಯ ಬೀಗ, ಟೂರಿನ ಬೀಗ: ಬಾಗಿಲಲ್ಲಿ ಕುಂತ ನಾಯಿಗೆ ರೊಟ್ಟಿ ಯಾರು ಹಾಕಬೇಕು?

"ಊರಾಗ ನಾಯಿ ಭಾಳ ಆಗ್ಯಾವ್ರಿ." ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಯಾವ ಚಹಾ ಅಂಗಡಿ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಹೌದು, ಆಗಿವೆ. ಆದರೆ ಅವು ಆಕಾಶದಿಂದ ಉದುರಿದವಲ್ಲ. ಅವುಗಳಲ್ಲಿ ಎಷ್ಟಕ್ಕೋ ಒಂದು ಮನೆ ಇತ್ತು, ಒಂದು ಹೆಸರಿತ್ತು, ರಾತ್ರಿ ಉಂಡ ಮೇಲೆ ರೊಟ್ಟಿ ಮುರಿದು ಹಾಕುವ ಒಂದು ಕೈ ಇತ್ತು. ಆ ಮನೆಗೆ ಬೀಗ ಬಿದ್ದ ದಿನ ಅವು ಬೀದಿ ನಾಯಿ ಆದವು. ನಮ್ಮ ತಕರಾರು ನಾಯಿಯ ಮೇಲಲ್ಲ, ಆ ಬೀಗದ ಮೇಲೆ.

ನಮ್ಮ ಭಾಗದಲ್ಲಿ ಮನೆಗೆ ಬೀಗ ಬೀಳುವುದು ಎರಡು ಕಾರಣಕ್ಕೆ. ಒಂದು ಗುಳೆ. ಇನ್ನೊಂದು ಟೂರು.

ಗುಳೆಯ ಬೀಗ ನಿಮಗೆಲ್ಲ ಗೊತ್ತಿರುವುದೇ. ಮಳೆ ಕೈಕೊಟ್ಟ ವರ್ಷ, ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಮುಟ್ಟದ ವರ್ಷ, ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಎಂದ ವರ್ಷ, ಓಣಿಗೆ ಓಣಿಯೇ ಗಂಟುಮೂಟೆ ಕಟ್ಟುತ್ತದೆ. ಬೆಂಗಳೂರು, ಪುಣೆ, ಹೈದರಾಬಾದ್, ಗೋವಾ. ಪಾತ್ರೆ, ಹಾಸಿಗೆ, ಜೋಳದ ಚೀಲ, ಮಕ್ಕಳು ಎಲ್ಲ ಗಾಡಿ ಹತ್ತುತ್ತವೆ. ನಾಯಿ ಹತ್ತುವುದಿಲ್ಲ. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಮನುಷ್ಯರಿಗೇ ಕಾಲು ಚಾಚಲು ಜಾಗ ಇಲ್ಲ. ಯುಗಾದಿಗೋ ಮುದಗಲ್ಲಿನ ಮೊಹರಂಗೋ ತಿರುಗಿ ಬರುವ ತನಕ ನಾಯಿ ಆ ಬಾಗಿಲಲ್ಲೇ.

ಟೂರಿನ ಬೀಗ ಹೊಸದು. ಪೇಟೆಯ ಹೊಸ ಬಡಾವಣೆಗಳಲ್ಲಿ, ನೌಕರಿ ಇರುವವರ, ವ್ಯಾಪಾರ ಇರುವವರ ಮನೆಗಳಲ್ಲಿ ಈಗ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪೊಮೆರೇನಿಯನ್ ಇವೆ. ಮಕ್ಕಳು ಹಟ ಮಾಡಿದರು, ತಂದರು. ಬೇಸಿಗೆ ರಜೆ ಬಂತು, ಊಟಿಗೋ ಗೋವಾಕ್ಕೋ ಹೊರಟರು. ಬೆಂಗಳೂರಿನಲ್ಲಾದರೆ ಇಂಥ ಹೊತ್ತಿಗೆ ನಾಯಿಯನ್ನು ಬಿಟ್ಟು ಹೋಗಲು ಬಾಡಿಗೆ ನಾಯಿಮನೆಗಳಿವೆ. ದಿನಕ್ಕೆ ಇಷ್ಟು ಅಂತ ಕೊಟ್ಟರೆ ಊಟ, ವಾಕಿಂಗು, ಫೋನಿಗೊಂದು ವಿಡಿಯೋ. ಇಲ್ಲಿ ಏನು ಮಾಡುತ್ತಾರೆ? ಮಾಳಿಗೆ ಮೇಲೆ ಸರಪಳಿ ಹಾಕಿ ಕಟ್ಟುತ್ತಾರೆ. ಮನೆಗೆಲಸದವಳಿಗೆ "ದಿನಕ್ಕೊಮ್ಮೆ ಅನ್ನ ಹಾಕು" ಅನ್ನುತ್ತಾರೆ. ಇನ್ನೂ ಕೆಲವರು ಹೆದ್ದಾರಿ ಪಕ್ಕದ ಧಾಬಾ ಹತ್ತಿರ ಬಾಗಿಲು ತೆಗೆದು ಇಳಿಸಿ ಕಾರು ಓಡಿಸುತ್ತಾರೆ.

ರಾಯಚೂರು ಜಿಲ್ಲೆಯ ಏಪ್ರಿಲ್, ಮೇ ಬಿಸಿಲನ್ನು ನಿಮಗೆ ಹೇಳಿಕೊಡಬೇಕಿಲ್ಲ. 40 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ನಾಯಿಗೆ ನಮ್ಮಂತೆ ಮೈತುಂಬ ಬೆವರು ಬರುವುದಿಲ್ಲ. ನಾಲಿಗೆ ಚಾಚಿ ತೇಕುವುದೇ ಅದಕ್ಕಿರುವ ಮುಖ್ಯ ದಾರಿ. ಕಾಂಕ್ರೀಟಿನ ಮಾಳಿಗೆ ಮೇಲೆ, ಮಗುಚಿ ಬಿದ್ದ ನೀರಿನ ಬಟ್ಟಲಿನ ಪಕ್ಕ, ಚಳಿ ದೇಶದ ದಪ್ಪ ಕೂದಲಿನ ನಾಯಿ ಸಾಯಲು ಒಂದು ಮಧ್ಯಾಹ್ನ ಸಾಕು.

ಬೈಗುಳ ಯಾರಿಗೆ?

ಈಗ ನೋಡಿ, ಬೈಗುಳ ಯಾರಿಗೆ ಬೀಳುತ್ತದೆ? ಗುಳೆ ಹೋದವರಿಗೆ. "ನಾಯಿ ಸಾಕಿ ಬಿಟ್ಟು ಹೋಗ್ತಾರ, ನಮ್ಮ ಕೋಳಿ ತಿಂತಾವ" ಎಂದು. ಟೂರಿಗೆ ಹೋದವರಿಗೆ ಯಾರೂ ಒಂದು ಮಾತು ಅನ್ನುವುದಿಲ್ಲ. ಅವರ ಗೇಟು ಎತ್ತರ.

ಕಾನೂನು ಮಾತ್ರ ಇದನ್ನು ಸರಿಯಾಗಿ ಹಿಡಿದಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಓದಿ. ಹಸಿವು, ನೀರಡಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸರಿಯಾದ ಕಾರಣವಿಲ್ಲದೆ ಬಿಟ್ಟು ಹೋಗುವುದು ಅಪರಾಧ. ಸರಿಯಾದ ಕಾರಣವಿಲ್ಲದೆ ಎಂಬ ಮಾತನ್ನು ಗಮನಿಸಿ. ಹೊಟ್ಟೆಪಾಡಿಗೆ ಊರು ಬಿಡುವುದು ಕಾರಣ. ಊಟಿ ನೋಡುವುದು ಕಾರಣವಲ್ಲ. ಅದೇ ಕಲಮಿನಲ್ಲಿ ತೀರ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದೂ, ಸಾಕಿದವರು ಸಾಕಷ್ಟು ಊಟ, ನೀರು, ನೆರಳು ಕೊಡದಿರುವುದೂ ಅಪರಾಧ. ಆದರೆ ದಂಡ ಎಷ್ಟು ಗೊತ್ತೇ? ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಒಂದು ಪ್ಲೇಟು ಮಿರ್ಚಿ ಮಂಡಕ್ಕಿಯ ಬೆಲೆ. ದಶಕಗಳ ಹಿಂದೆ ಬರೆದ ದಂಡ ಇನ್ನೂ ಹಾಗೇ ಕೂತಿದೆ.

ಕುರಿಗಾಹಿಗಳನ್ನು ನೋಡಿ. ಅವರೂ ಊರು ಬಿಟ್ಟು ತಿಂಗಳುಗಟ್ಟಲೆ ಅಲೆಯುವವರೇ. ಭತ್ತ ಕೊಯ್ದ ಗದ್ದೆಯಲ್ಲಿ ಕುರಿ ತರುಬಲು ಬರುವಾಗ ಜೊತೆಗೆ ನಾಯಿ ಇದ್ದೇ ಇರುತ್ತದೆ. ತಾವು ಉಣ್ಣುವುದರಲ್ಲಿ ಅದಕ್ಕೊಂದು ಪಾಲು. ನಾಯಿ ಅವರಿಗೆ ಚಂದಕ್ಕಲ್ಲ, ಕೆಲಸದ ಸಂಗಾತಿ. ಅಲೆಮಾರಿಗೆ ಸಾಧ್ಯವಾದದ್ದು ಎರಡು ಅಂತಸ್ತಿನ ಮನೆಯವರಿಗೆ ಆಗುವುದಿಲ್ಲವೇ?

ಹಿಡಿದು ಆಚೆ ಊರಿಗೆ ಬಿಡುವ ಬುದ್ಧಿವಂತಿಕೆ

ನಾಯಿ ಹೆಚ್ಚಾದಾಗ ನಮ್ಮ ಕಡೆ ಎರಡು ಉಪಾಯ ಬಹಳ ಹಳೆಯವು. ಒಂದು, ಯಾರನ್ನೋ ಕರೆಸಿ ಹಿಡಿಸಿ ಪಕ್ಕದ ಊರಿನ ಸೀಮೆಗೆ ಬಿಟ್ಟು ಬರುವುದು. ಇನ್ನೊಂದು, ವಿಷ.

ಮೊದಲನೆಯದು ಮೂರ್ಖತನ. ನೀವು ಅವರ ಊರಿಗೆ ಬಿಟ್ಟರೆ ಅವರು ನಿಮ್ಮ ಊರಿಗೆ ಬಿಡುತ್ತಾರೆ. ನಾಯಿ ಲೆಕ್ಕ ಕಡಿಮೆ ಆಗುವುದಿಲ್ಲ, ಗಾಡಿ ಬಾಡಿಗೆಯ ಲೆಕ್ಕ ಹೆಚ್ಚಾಗುತ್ತದೆ. ಗುರುತಿಲ್ಲದ ಊರಿಗೆ ಬಿದ್ದ ನಾಯಿ ಹೆದರಿರುತ್ತದೆ. ಹೆದರಿದ ನಾಯಿ ಕಚ್ಚುತ್ತದೆ. ಅದಕ್ಕೇ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುವುದು: ಹಿಡಿಯಿರಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ತಂದು ಬಿಡಿ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಇದನ್ನೇ ಹೇಳಿತು. ರೇಬಿಸ್ ಬಂದವು, ತೀರ ಮೈಮೇಲೆ ಬೀಳುವವು ಮಾತ್ರ ಇದಕ್ಕೆ ಹೊರತು. ಅದೇ ವರ್ಷ ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಜಾಗಗಳ ನಾಯಿಗಳನ್ನು ತೆಗೆದು ಆಶ್ರಯದಲ್ಲಿ ಇಡಬೇಕು, ಅಲ್ಲಿಗೇ ಮತ್ತೆ ಬಿಡಬಾರದು ಎಂದಿತು. ಹಾಗಾದರೆ ಆ ಆಶ್ರಯ ಎಲ್ಲಿದೆ, ಅದಕ್ಕೆ ದುಡ್ಡು ಎಲ್ಲಿದೆ? ಈ ಪ್ರಶ್ನೆಯನ್ನು ನಗರಸಭೆ, ಪುರಸಭೆ ಸದಸ್ಯರ ಮುಖಕ್ಕೇ ಕೇಳಬೇಕು.

ಎರಡನೆಯದು ಅಪರಾಧ. ಪ್ರಾಣಿಗೆ ವಿಷ ಹಾಕಿ ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲು ಆಗಬಹುದು. ಆ ವಿಷದ ತುಂಡನ್ನು ನಾಯಿ ಮಾತ್ರ ತಿನ್ನುತ್ತದೆ ಎಂದು ಯಾರು ಬರೆದುಕೊಟ್ಟಿದ್ದಾರೆ? ಕೋಳಿ ತಿನ್ನುತ್ತದೆ, ಬೆಕ್ಕು ತಿನ್ನುತ್ತದೆ, ಅಂಗಳದಲ್ಲಿ ಅಂಬೆಗಾಲಿಡುವ ಕೂಸು ಬಾಯಿಗೆ ಹಾಕುತ್ತದೆ.

"ಮನುಷ್ಯರಿಗೇ ಗತಿ ಇಲ್ಲ, ನಾಯಿ ಮಾತಾಡ್ತೀರಲ್ಲ"

ಈ ಮಾತು ನಮಗೆ ಬರುತ್ತದೆ ಎಂದು ಗೊತ್ತು. ಅದಕ್ಕೆ ಉತ್ತರ ಇದೆ.

ಓಣಿ ಖಾಲಿ ಆದ ಮೇಲೆ ಉಳಿಯುವವರು ಯಾರು? ಮುದುಕರು, ಮತ್ತೆ ಅಜ್ಜಿ ಹತ್ತಿರ ಬಿಟ್ಟು ಹೋದ ಮಕ್ಕಳು. ಹಸಿದ ನಾಯಿ ಗುಂಪು ಕಟ್ಟಿದಾಗ ಎದುರಿಗೆ ಸಿಗುವವರು ಇವರೇ. ರೇಬಿಸ್ ಶಂಕೆ ಇರುವ ಪ್ರಾಣಿಯಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ನಿಂದ ಬದುಕುವುದು ಇಲ್ಲವೆಂದೇ ಹೇಳಬೇಕು. ನಾಯಿಗೆ ರೊಟ್ಟಿ, ಲಸಿಕೆ ಕೇಳುವುದೆಂದರೆ ಆ ಮಗುವಿನ ಜೀವ ಕೇಳುವುದೇ.

ಇನ್ನೊಂದು ಅಪಾಯ ಗುಳೆಯವರಿಗೇ ಇದೆ. ನಾಯಿ ಕಚ್ಚಿದರೆ ಲಸಿಕೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊದಲ ಚುಚ್ಚುಮದ್ದಿನ ನಂತರ 3ನೇ ದಿನ, 7ನೇ ದಿನ, ಹೀಗೆ 28ನೇ ದಿನದವರೆಗೆ ಹೋಗುತ್ತದೆ. ನಡುವೆ ಗಾಡಿ ಬಂತು, ಹೊರಟರು, ಉಳಿದದ್ದು ತಪ್ಪಿತು. ರೋಗ ಕಾಣಿಸಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಅಷ್ಟರಲ್ಲಿ ಕಚ್ಚಿದ್ದೇ ಮರೆತಿರುತ್ತದೆ. ಆದ್ದರಿಂದ ಹೋಗುವವರು ಆಸ್ಪತ್ರೆಯ ಚೀಟಿ ಜೊತೆಗೇ ಇಟ್ಟುಕೊಳ್ಳಿ. ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ತೋರಿಸಿ ಉಳಿದ ಚುಚ್ಚುಮದ್ದು ಹಾಕಿಸಿಕೊಳ್ಳಿ. ಕಚ್ಚಿದ ಕೂಡಲೇ ಸುರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿಣ, ಖಾರದ ಪುಡಿ ಹಚ್ಚಬೇಡಿ. ಗಾಯ ಆಳವಾಗಿದ್ದರೆ ಲಸಿಕೆಯ ಜೊತೆಗೆ ಇಮ್ಯುನೋಗ್ಲೋಬುಲಿನ್ ಬೇಕು. ಅದನ್ನು ಬಾಯಿಬಿಟ್ಟು ಕೇಳಿ.

ಆಗುವ ಕೆಲಸ ಏನು?

ನಾವು ಎಸಿ ನಾಯಿಮನೆ ಕೇಳುತ್ತಿಲ್ಲ. ನಾಲ್ಕು ಕೆಲಸ ಕೇಳುತ್ತಿದ್ದೇವೆ.

ಒಂದು, ಲಸಿಕೆಯ ದಿನ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ನಮ್ಮ ಕಡೆ ದಸರಾ, ದೀಪಾವಳಿ ಆಸುಪಾಸಿನಲ್ಲೇ ಗುಳೆಯ ಗಾಡಿಗಳು ಹೆಚ್ಚು ಹೊರಡುವುದು. ಆ ವಾರ ಪಂಚಾಯಿತಿ ಡಂಗುರ ಸಾರಿಸಲಿ, ಪಶು ಆಸ್ಪತ್ರೆಯವರು ಓಣಿಗೆ ಬರಲಿ. ಊರಿನ ನೂರು ನಾಯಿಗಳಲ್ಲಿ 70ಕ್ಕೆ ಲಸಿಕೆ ಬಿದ್ದರೆ ರೇಬಿಸ್ ಹರಡುವುದು ನಿಲ್ಲುತ್ತದೆ ಎಂಬುದು ಜಗತ್ತೇ ಒಪ್ಪಿದ ಲೆಕ್ಕ. 2030ರೊಳಗೆ ನಾಯಿಯಿಂದ ಬರುವ ರೇಬಿಸ್ ಇಲ್ಲವಾಗಿಸುತ್ತೇವೆ ಎಂದು ಕೇಂದ್ರ ಸರ್ಕಾರ 2021ರಲ್ಲೇ ಯೋಜನೆ ಪ್ರಕಟಿಸಿದೆ. ದಿಲ್ಲಿಯಲ್ಲಿ ಪ್ರಕಟಿಸಿದ್ದು ನಮ್ಮ ಓಣಿಗೆ ಬರಬೇಕಲ್ಲ.

ಎರಡು, ಒಪ್ಪಿಸಿ ಹೋಗುವುದು. ಬೀಗದ ಕೈ ಯಾರ ಹತ್ತಿರ ಕೊಟ್ಟು ಹೋಗುತ್ತೀರೋ ನಾಯಿಯನ್ನೂ ಅವರಿಗೇ ಬಾಯಿಬಿಟ್ಟು ಒಪ್ಪಿಸಿ. ಆಗುವವರು ಒಂದಿಷ್ಟು ಜೋಳ ಬಿಟ್ಟು ಹೋಗಿ. ನಾಯಿಯ ಕೊರಳಿಗೆ ಒಂದು ಪಟ್ಟಿ ಕಟ್ಟಿ, ಇದು ಮನೆ ನಾಯಿ ಎಂದು ಗೊತ್ತಾಗಲಿ. ಗುಳೆ ಹೋದ ಕುಟುಂಬಗಳ ಪಟ್ಟಿಯನ್ನು ಪಂಚಾಯಿತಿ ಹೇಗೂ ಬರೆದಿಡಬೇಕು. ಅದರಲ್ಲಿ ನಾಯಿಗೂ ಒಂದು ಗೆರೆ ಇರಲಿ.

ಮೂರು, ಊಟದ ಜಾಗ. ಬೀದಿ ನಾಯಿಗಳಿಗೆ ಊಟ ಹಾಕುವ ಜಾಗ ಗೊತ್ತುಮಾಡುವ ಹೊಣೆಯಲ್ಲಿ ಸ್ಥಳೀಯ ಸಂಸ್ಥೆಗೆ ಪಾಲಿದೆ ಎಂದು 2023ರ ನಿಯಮವೇ ಹೇಳುತ್ತದೆ. ಮಕ್ಕಳು ಆಡುವ ಜಾಗದಿಂದ ದೂರ ಇರಬೇಕು ಎಂದೂ ಹೇಳುತ್ತದೆ. ದನ ನೀರು ಕುಡಿಯುವ ತೊಟ್ಟಿಯ ಪಕ್ಕ ಒಂದು ಕಲ್ಲಿನ ಬಾನಿ ಸಾಕು. ಶಾಲೆಯ ಬಿಸಿಯೂಟದಲ್ಲಿ ಉಳಿದ ಅನ್ನ ಗೇಟಿನ ಮುಂದೆ ಬೀಳುವ ಬದಲು ಅಲ್ಲಿಗೆ ಹೋಗಲಿ.

ನಾಲ್ಕು, ಪೇಟೆಯವರಿಗೆ ದುಡ್ಡಿನ ವ್ಯವಸ್ಥೆ. ಸಿಂಧನೂರು, ಲಿಂಗಸುಗೂರಿನಂಥ ಊರಿನಲ್ಲಿ ಒಂದು ಮಹಿಳಾ ಸ್ವಸಹಾಯ ಸಂಘ ನಾಯಿ ನೋಡಿಕೊಳ್ಳುವ ಕೆಲಸವನ್ನು ನಡೆಸಬಹುದು. ಬೇಲಿ, ನೆರಳು, ನೀರು, ಬೇರೆ ಬೇರೆ ಗೂಡು, ವಾರಕ್ಕೊಮ್ಮೆ ಬಂದು ಹೋಗುವ ಪಶುವೈದ್ಯರು. ಲಸಿಕೆ ಚೀಟಿ ಇಲ್ಲದ ನಾಯಿ ಒಳಗೆ ಬೇಡ. ಬಿಟ್ಟು ಹೋಗುವವರು ತಿರುಗಿ ಬರುವ ದಿನ, ಎರಡು ಫೋನ್ ನಂಬರ್, ನಾಯಿ ಏನು ತಿನ್ನುತ್ತದೆ ಎಂಬುದನ್ನು ಬರೆದು ಕೊಡಲಿ. ಟೂರಿಗೆ ಸಾವಿರಗಟ್ಟಲೆ ಖರ್ಚು ಮಾಡುವವರು ನಾಯಿಗೆ ದಿನಕ್ಕಿಷ್ಟು ಕೊಡಲಿ. ಆ ದುಡ್ಡಿನಲ್ಲಿ ಒಂದು ಪಾಲು ಊರಿನ ಬಾನಿಗೆ ಬರಲಿ. ಕೊಡಲು ಮನಸ್ಸಿಲ್ಲದವರು ನಾಯಿ ತರಬೇಡಿ. ಮಕ್ಕಳ ಹಟಕ್ಕೆ ಸೈಕಲ್ ಕೊಡಿಸಿ.

ಮಸ್ಕಿಯ ಕಲ್ಲು ಕೇಳುತ್ತಿದೆ

ಮಸ್ಕಿಗೆ ಜಗತ್ತಿನ ಚರಿತ್ರೆಯಲ್ಲಿ ಹೆಸರು ಬಂದದ್ದು 1915ರಲ್ಲಿ. ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿದ್ದ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ಅದೇ ಅಶೋಕ ಬೇರೆ ಬಂಡೆಗಳ ಮೇಲೆ ಬರೆಸಿದ್ದು ಏನು? ಮನುಷ್ಯರಿಗೊಂದು, ಪ್ರಾಣಿಗಳಿಗೊಂದು, ಎರಡು ಬಗೆಯ ವೈದ್ಯದ ವ್ಯವಸ್ಥೆ ಮಾಡಿಸಿದ್ದೇನೆ ಎಂದು. ಇಬ್ಬರಿಗೂ ಆಗಲೆಂದು ದಾರಿಯಲ್ಲಿ ಬಾವಿ ತೋಡಿಸಿ, ಗಿಡ ನೆಡಿಸಿದ್ದೇನೆ ಎಂದು. ಎರಡು ಸಾವಿರ ವರ್ಷದ ಹಿಂದಿನ ದೊರೆಗೆ ತಿಳಿದದ್ದು ಇಂದಿನ ಪಂಚಾಯಿತಿಗೆ ಹೊಸ ವಿಷಯದಂತೆ ಕಾಣಬಾರದು.

ಮೈಲಾರಲಿಂಗನ ಗೊರವಯ್ಯಗಳು ದೋಣಿ ಮುಂದೆ ಕೂತು ನಾಯಿಯಂತೆ ಬೊಗಳಿ ಉಣ್ಣುವಾಗ ಕೈ ಮುಗಿಯುವ ಜನ ನಾವು. ದೋಣಿ ತುಂಬಿಸುವುದು ನಮಗೆ ಹರಕೆ. ಬಾಗಿಲಲ್ಲಿ ಕೂತ ನಿಜವಾದ ನಾಯಿಗೆ ಮಾತ್ರ ಕಲ್ಲು.

ಮುಂದಿನ ಗ್ರಾಮಸಭೆಗೆ ಹೋಗಿ. ಹೋಗಿ ಮೂರೇ ಪ್ರಶ್ನೆ ಕೇಳಿ. ಈ ವರ್ಷ ನಮ್ಮ ಊರಿನ ಎಷ್ಟು ನಾಯಿಗೆ ರೇಬಿಸ್ ಲಸಿಕೆ ಆಗಿದೆ? ಸಂತಾನಹರಣ ಶಸ್ತ್ರಚಿಕಿತ್ಸೆಗೆ ಎಷ್ಟು ದುಡ್ಡು ಇಟ್ಟಿದ್ದೀರಿ? ನಮ್ಮ ಆರೋಗ್ಯ ಕೇಂದ್ರದಲ್ಲಿ ನಾಯಿ ಕಚ್ಚಿದ್ದಕ್ಕೆ ಹಾಕುವ ಲಸಿಕೆ ಇವತ್ತು ಇದೆಯೋ ಇಲ್ಲವೋ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದದ್ದರ ಕೆಳಗೆ ನಿಮ್ಮ ಸಹಿಯೂ ಇರಲಿ.