ಗಣಿ ಮುಚ್ಚಿತು, ಗುಂಡಿ ಯಾರದು?

ಚಾಮರಾಜನಗರ ಜಿಲ್ಲೆಯ ಕರಿಕಲ್ಲಿಗೆ ಹೊರದೇಶಗಳಲ್ಲಿಯೂ ಬೇಡಿಕೆಯಿದೆ. ಸ್ಮಾರಕಗಳಿಗೆ, ಸಮಾಧಿಗಳಿಗೆ, ದೊಡ್ಡ ಕಟ್ಟಡಗಳಿಗೆ ಈ ನಾಡಿನ ಕಲ್ಲು ಹೋಗುತ್ತದೆ. ಕಲ್ಲು ಹೋದ ಊರಿನಲ್ಲಿ ಉಳಿಯುವುದು ಗುಂಡಿ ಮತ್ತು ಒಡಕು ಕಲ್ಲಿನ ರಾಶಿ. ಗುತ್ತಿಗೆಯ ಅವಧಿ ಮುಗಿದೊಡನೆ ಯಂತ್ರಗಳು ಹೊರಡುತ್ತವೆ, ಕೂಲಿಕಾರರು ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ, ಗುಂಡಿಗೆ ಮಳೆಯ ನೀರು ತುಂಬುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಗ್ರಾಮಸಭೆಗಳು ಗಣಿ ಬೇಕೇ ಬೇಡವೇ ಎಂದು ಚರ್ಚಿಸಿದಷ್ಟು, ಮುಚ್ಚಿದ ಗಣಿಯನ್ನು ಏನು ಮಾಡಬೇಕು ಎಂಬುದನ್ನೂ ಚರ್ಚಿಸಬೇಕಾಗಿದೆ.

ಈ ಗುಂಡಿಗಳ ಸ್ವಭಾವವೇ ಬೇರೆ. ಕರಿಕಲ್ಲು ಬಹುಮಟ್ಟಿಗೆ ಡಾಲರೈಟ್ ಜಾತಿಯ ಶಿಲೆ. ಪುರಾತನ ಕಾಲದಲ್ಲಿ ಭೂಮಿಯೊಳಗಿನ ಶಿಲಾರಸವು ಬಂಡೆಯ ಬಿರುಕುಗಳಲ್ಲಿ ಏರಿ, ಗೋಡೆಯಂತೆ ಹೆಪ್ಪುಗಟ್ಟಿ ಈ ಕಲ್ಲಾಯಿತು. ಗಣಿಗಾರ ಆ ಗೋಡೆಯನ್ನೇ ಹಿಂಬಾಲಿಸಿ ಅಗೆಯುವುದರಿಂದ ಗುಂಡಿ ಕಿರಿದಾಗಿ, ಉದ್ದವಾಗಿ, ಆಳವಾಗಿ, ನೆಟ್ಟಗಿನ ಅಂಚುಳ್ಳದ್ದಾಗುತ್ತದೆ. ಕೆರೆಗೆ ಇಳಿಜಾರಿನ ದಡವಿರುತ್ತದೆ, ಕ್ವಾರಿಗೆ ಇರುವುದಿಲ್ಲ. ನೀರಿಗೆ ಜಾರಿದ ದನವಾಗಲಿ ಮಗುವಾಗಲಿ ಮೇಲೇರಿ ಬರುವುದು ಕಷ್ಟ. ಸಡಿಲಗೊಂಡ ಬಂಡೆಯ ಅಪಾಯವೂ ಸಣ್ಣದಲ್ಲ. ೨೦೨೨ರ ಮಾರ್ಚ್‌ನಲ್ಲಿ ಇದೇ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಗಣಿ ನಡೆಯುತ್ತಿದ್ದ ಗುಡ್ಡ ಕುಸಿದು ಕಾರ್ಮಿಕರು ಸತ್ತರು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಕೇಂದ್ರ ಸರ್ಕಾರದ ೧೯೯೯ರ ಗ್ರಾನೈಟ್ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು ಮೇಲ್ಮಣ್ಣನ್ನು ಬೇರೆಯಾಗಿ ಕಾಯ್ದಿಡಬೇಕೆಂದೂ, ಒಡಕು ಕಲ್ಲನ್ನು ವ್ಯವಸ್ಥಿತವಾಗಿ ಇಡಬೇಕೆಂದೂ, ಅಗೆದ ನೆಲವನ್ನು ಸರಿಪಡಿಸಬೇಕೆಂದೂ ಹೇಳುತ್ತವೆ. ೨೦೧೫ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿಯಾಗಿ, ಗಣಿಯಿಂದ ಬಾಧಿತರಾದ ಜನರ ಮತ್ತು ಪ್ರದೇಶಗಳ ಹಿತಕ್ಕಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ನಿಯಮವೂ ಇದೆ, ನಿಧಿಗೆ ದಾರಿಯೂ ಇದೆ. ಇವೆರಡನ್ನೂ ಕೇಳಿ ಪಡೆಯುವ ಊರು ಬೇಕಾಗಿದೆ.

ಊರು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಉತ್ತರ ಭಾಗವನ್ನು ನೋಡಬಹುದು. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಹಳೆಯ ಕಲ್ಲುಕ್ವಾರಿಗಳು ಮಹಾನಗರದ ಕಸ ಸುರಿಯುವ ಹೊಂಡಗಳಾದವು. ಬರಿದಾದ ಗುಂಡಿಯನ್ನು ಯಾರೂ ತಮ್ಮದೆನ್ನದಿದ್ದಾಗ ಪಟ್ಟಣ ಅದನ್ನು ತನ್ನದೆನ್ನುತ್ತದೆ. ಕೊಳೆತ ನೀರು ಮಾತ್ರ ಸುತ್ತಲಿನ ಹಳ್ಳಿಗಳ ಪಾಲು.

ಗಣಿ ನಿಲ್ಲಿಸಿದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ ಎಂಬುದಕ್ಕೆ ಕುದುರೆಮುಖವೇ ನಿದರ್ಶನ. ಸುಪ್ರೀಂ ಕೋರ್ಟ್ ೨೦೦೨ರಲ್ಲಿ ನೀಡಿದ ತೀರ್ಪಿನಂತೆ ಅಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ೨೦೦೫ರ ಕೊನೆಗೆ ನಿಂತಿತು. ಅದು ಪರಿಸರ ಚಳವಳಿಯ ದೊಡ್ಡ ಗೆಲುವು. ಆದರೆ ಗಣಿಯ ಹೂಳನ್ನು ತಡೆದು ನಿಲ್ಲಿಸಿದ ಲಕ್ಯಾ ಅಣೆಕಟ್ಟು ಹಾಗೆಯೇ ಉಳಿಯಿತು. ಗಣಿಗಾಗಿಯೇ ಕಟ್ಟಿದ ಊರು ಬರಿದಾಯಿತು. ಮುಚ್ಚುವ ದಿನಕ್ಕೆ ಮೊದಲೇ ಮುಂದಿನ ಬದುಕಿನ ಯೋಜನೆ ಸಿದ್ಧವಾಗಿರಬೇಕೆಂಬುದು ಆ ಗೆಲುವಿನೊಳಗೇ ಇರುವ ಪಾಠ.

ಹೀಗೆ ಸಿದ್ಧವಾದ ಊರುಗಳೂ ಜಗತ್ತಿನಲ್ಲಿವೆ. ಜರ್ಮನಿಯ ಡ್ಯೂಸ್‌ಬರ್ಗ್ ನಗರದಲ್ಲಿ ೧೯೮೫ರಲ್ಲಿ ಮುಚ್ಚಿದ ಕಬ್ಬಿಣದ ಕಾರ್ಖಾನೆಯನ್ನು ಕೆಡವುವ ಬದಲು ಉಳಿಸಬೇಕೆಂದು ನಾಗರಿಕರು ಒತ್ತಾಯಿಸಿದರು. ೧೯೯೪ರಲ್ಲಿ ಅದು ಸಾರ್ವಜನಿಕ ಉದ್ಯಾನವಾಗಿ ತೆರೆಯಿತು. ಹಳೆಯ ಅನಿಲ ಸಂಗ್ರಹಾಗಾರಕ್ಕೆ ನೀರು ತುಂಬಿಸಿ ಮುಳುಗುವಿಕೆಯ ತರಬೇತಿ ನಡೆಸುತ್ತಾರೆ. ಆ ಹಣವಂತ ದೇಶದ ಉದ್ಯಾನವನ್ನು ಹನೂರಿನಲ್ಲಿ ನಕಲು ಮಾಡಬೇಕಾಗಿಲ್ಲ. ಕೆಟ್ಟ ನೆಲದ ಉಪಯೋಗವನ್ನು ಅಲ್ಲಿ ಬದುಕುವವರು ಸೂಚಿಸಬಲ್ಲರು ಎಂಬ ನಂಬಿಕೆಯಷ್ಟು ಸಾಕು.

ಇಲ್ಲಿ ಒಂದೊಂದು ಗುಂಡಿಗೂ ಉತ್ತರ ಬೇರೆ. ಕಂದಾಯ ಭೂಮಿಯಲ್ಲಿ, ಊರಿಗೆ ಹತ್ತಿರವಿರುವ ಗುಂಡಿಗೆ ಮೊದಲು ಬೇಲಿ ಬೇಕು. ಬಳಿಕ ಒಂದು ಬದಿಯನ್ನು ಮೆಟ್ಟಿಲುಮೆಟ್ಟಿಲಾಗಿ ತಗ್ಗಿಸಬೇಕು. ಸಿಡಿಮದ್ದಿನ ಶೇಷವಿರಬಹುದಾದ ನೀರನ್ನು ಪರೀಕ್ಷಿಸದೆ ಬಳಸಬಾರದು. ಪರೀಕ್ಷೆಯಲ್ಲಿ ಗೆದ್ದ ನೀರು ಬೇಸಿಗೆಯ ಹೊಲಕ್ಕೆ, ಮೀನು ಸಾಕಣೆಗೆ ಒದಗೀತು. ಒಡಕು ಕಲ್ಲಿನಿಂದ ಬದು, ತಡೆಗೋಡೆ, ಶಾಲೆಯ ಆವರಣ ಕಟ್ಟಬಹುದು. ಪಾಳುಬಿದ್ದ ಶೆಡ್ಡು ಕುಶಲಕರ್ಮಿಗಳ ಕೆಲಸದ ಮನೆಯಾಗಬಹುದು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದಿಂದ ಪೀಠೋಪಕರಣ ಮಾಡಿ ತೋರಿಸಿದ್ದಾರೆ. ಆದರೆ ಎಡೆಯಾರಹಳ್ಳಿ–ದೊಡ್ಡಸಂಪಿಗೆಯಂಥ ಆನೆದಾರಿಗಳ ಬಳಿ ಮನುಷ್ಯನ ಹೊಸ ಉಪಯೋಗವೇ ಬೇಡ. ಅಲ್ಲಿ ಗುಂಡಿಯ ಅಂಚನ್ನು ಸುರಕ್ಷಿತಗೊಳಿಸಿ, ನಾಡಜಾತಿಯ ಗಿಡಗಳಿಗೆ ಮಣ್ಣು ಹಾಸಿ, ಕಾಡಿಗೆ ಬಿಟ್ಟುಕೊಡುವುದೇ ಸರಿ.

ಇದನ್ನೆಲ್ಲ ತೀರ್ಮಾನಿಸುವವರು ಯಾರು? ಹಳ್ಳಿಗರಿಗೆ ಇಂಥ ಹೊಣೆ ನಿಭಾಯಿಸಲು ತಿಳಿಯದು ಎಂಬ ಮಾತು ಕಚೇರಿಗಳಲ್ಲಿ ಹಳೆಯದು. ೨೦೧೧ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶದ ಸೋಲಿಗರ ಪೋಡುಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕು ದೊರೆತಾಗಲೇ ಆ ಮಾತಿಗೆ ಉತ್ತರ ಸಿಕ್ಕಿದೆ. ಹುಲಿಯ ಕಾಡಿನ ವಿಚಾರದಲ್ಲಿ ಗ್ರಾಮಸಭೆಯ ಮಾತಿಗೆ ಬೆಲೆಯಿದ್ದರೆ, ಊರ ಪಕ್ಕದ ಕಲ್ಲುಗುಂಡಿಯ ವಿಚಾರದಲ್ಲಿ ಇಲ್ಲವೆನ್ನಲು ಕಾರಣವಿಲ್ಲ.

ಗುತ್ತಿಗೆ ಮುಗಿಯುವ ಮೊದಲೇ ಗ್ರಾಮಸಭೆ ಮುಚ್ಚುವಿಕೆಯ ಯೋಜನೆಯನ್ನು ಕೇಳಿ ಓದಬೇಕು, ಒಪ್ಪಿಗೆಯಾಗದ ಅಂಶಗಳನ್ನು ಠರಾವಿನಲ್ಲಿ ಬರೆಸಬೇಕು. ತಮ್ಮ ಊರಿನ ಗುಂಡಿಗಳು ಎಷ್ಟು, ಆಳವೆಷ್ಟು, ಬೇಲಿಯಿದೆಯೇ, ನೆಲ ಯಾವ ಇಲಾಖೆಯದು ಎಂಬ ಪಟ್ಟಿಯನ್ನು ವಿದ್ಯಾರ್ಥಿಗಳು ದಡದಿಂದ ದೂರ ನಿಂತು, ಹಿರಿಯರ ಜೊತೆಗೂಡಿ ಸಿದ್ಧಪಡಿಸಬಹುದು. ಮುಂದಿನ ಮಳೆಗಾಲಕ್ಕೆ ಮುನ್ನ ಅಂಥ ಒಂದು ಪಟ್ಟಿ ಪಂಚಾಯಿತಿಯ ಮೇಜಿನ ಮೇಲಿದ್ದರೆ, ಗುಂಡಿ ಯಾರದೆಂಬ ಪ್ರಶ್ನೆಗೆ ಊರು ಉತ್ತರ ಕೊಡಲು ತೊಡಗಿದಂತೆ.